ವರ್ಣರೇಖನ ಸ್ತಂಭದ ದೋಷಗಳು: ಒಂದು ಚಾರಿತ್ರಿಕ ಪರಿಶೀಲನೆ

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಧನಗಳ ವಿಜಯವನ್ನು ವರ್ಣಿಸುವುದು ವಾಡಿಕೆ. ಅವುಗಳ ದೋಷಗಳ ಚರಿತ್ರೆಯನ್ನು ಅರಸುವವರು ವಿರಳ. ದ್ರವ ವರ್ಣರೇಖನದಲ್ಲಿ, ಎಂದರೆ ಲಿಕ್ವಿಡ್ ಕ್ರೊಮ್ಯಾಟೋಗ್ರಫಿಯಲ್ಲಿ, ಪ್ರಯೋಗಶೀಲರನ್ನು ಕಾಡುವ ತೊಂದರೆಗಳು ಮುಖ್ಯವಾಗಿ ಎರಡು: ಲೇಖದಲ್ಲಿ ಮೂಡುವ ಶಿಖರಗಳ ಆಕಾರ ಕೆಡುವುದು, ಬೆಲೆಬಾಳುವ ಸ್ತಂಭವು ಅಕಾಲದಲ್ಲಿ ನಿರುಪಯುಕ್ತವಾಗುವುದು. ಇವೆರಡಕ್ಕೂ ಬಹುಮಟ್ಟಿಗೆ ಸ್ತಂಭದಲ್ಲಿ ತುಂಬಿದ ವಸ್ತುವಿನ ಮೇಲ್ಮೈಯೇ ಮೂಲವೆಂಬುದನ್ನು ಇಲ್ಲಿ ತೋರಿಸಲು ಯತ್ನಿಸಿದ್ದೇವೆ.

ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ೧೯೦೩ರಲ್ಲಿ ವಾರ್ಸಾದಲ್ಲಿ ಈ ವಿಧಾನವನ್ನು ನಿರೂಪಿಸಿ, ೧೯೦೬ರಲ್ಲಿ ಅದಕ್ಕೆ ಹೆಸರಿಟ್ಟನು. ಗಾಜಿನ ನಳಿಗೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಡಿಯನ್ನು ಒತ್ತಿ ತುಂಬಿ ಎಲೆಯ ರಸದ ದ್ರಾವಣವನ್ನು ಹರಿಸಿದಾಗ ಹಸುರು ಹಳದಿ ಪಟ್ಟಿಗಳು ಬೇರೆಬೇರೆಯಾದುವು. ಆದರೆ ಸ್ತಂಭವೇ ವಸ್ತುವನ್ನು ಮಾರ್ಪಡಿಸುವುದೆಂಬ ಸಂಶಯ ಸಮಕಾಲೀನ ರಸಾಯನಜ್ಞರಲ್ಲಿ ಉಳಿಯಿತು. ಈ ಸಂಶಯ ಪೂರ್ತಿ ನಿರಾಧಾರವಾಗಿರಲಿಲ್ಲ. ಉಗ್ರವಾದ ಪುಡಿಗಳು ಪತ್ರಹರಿತ್ತನ್ನು ಕೆಡಿಸುವುದುಂಟು. ೧೯೧೯ರಲ್ಲಿ ತ್ಸ್ವೆಟ್ ತೀರಿಕೊಂಡಾಗ ಅವನ ವಿಧಾನಕ್ಕೆ ತಕ್ಕ ಮನ್ನಣೆ ದೊರೆತಿರಲಿಲ್ಲ. ೧೯೩೧ರಲ್ಲಿ ಹೈಡಲ್‌ಬರ್ಗಿನ ಕೂನ್, ಲೆಡರರ್ ಮತ್ತು ವಿಂಟರ್‌ಸ್ಟೈನ್ ಅದನ್ನು ಪುನರುಜ್ಜೀವಿಸಿದರು.

೧೯೪೧ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಮತ್ತು ಸಿಂಜ್ ಸಿಲಿಕಾ ಜೆಲ್ಲನ್ನು ಬಳಸಿದ ತಮ್ಮ ಪ್ರಬಂಧದಲ್ಲಿ, ಅತಿಸೂಕ್ಷ್ಮ ಕಣಗಳೂ ಹೆಚ್ಚಿನ ಒತ್ತಡವೂ ಉತ್ತಮ ಫಲ ಕೊಡುವುವೆಂದು ಸೂಚಿಸಿದರು. ೧೯೫೨ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು; ಆ ಸೂಚನೆ ಯಂತ್ರರೂಪ ತಾಳಿದ್ದು ೧೯೬೦ರ ದಶಕದ ಕೊನೆಗೆ. ಮುಂದೆ ಸಿಲಿಕಾ ಕಣಗಳ ಮೇಲೆ ೧೮ ಇಂಗಾಲಗಳ ಸರಪಳಿಗಳನ್ನು ಬಂಧಿಸಿದರು. ಆದರೂ ಸರಪಳಿಗಳ ನಡುವೆ ಸಿಲನಾಲ್ ಎಂಬ ಆಮ್ಲೀಯ ಗುಂಪುಗಳು ಉಳಿದುವು. ತ್ಸ್ವೆಟ್‌ನ ಕಾಲದ ಸಂಶಯ ಹೊಸ ರೂಪದಲ್ಲಿ ಮರಳಿತು.

ದೋಷನಿರ್ಣಯದ ಕ್ರಮ ಹೀಗಿದೆ. ಎಲ್ಲ ಶಿಖರಗಳೂ ಒಂದೇ ಬಗೆಯಲ್ಲಿ ಸೀಳಿದ್ದರೆ ಸ್ತಂಭದ ತಲೆಯಲ್ಲಿ ಕಣಗಳು ಕುಸಿದು ಟೊಳ್ಳಾಗಿರಬೇಕು, ಇಲ್ಲವೆ ಪ್ರವೇಶದ್ವಾರದ ಜರಡಿ ಕಟ್ಟಿಕೊಂಡಿರಬೇಕು. ಮೊದಲು ಬರುವ ಶಿಖರಗಳು ಮಾತ್ರ ಕೆಟ್ಟಿದ್ದರೆ, ಮಾದರಿಯನ್ನು ಕರಗಿಸಿದ ದ್ರಾವಕವು ವಾಹಕ ದ್ರವಕ್ಕಿಂತ ಪ್ರಬಲವಾಗಿರುವ ಸಂಭವವುಂಟು. ಅಮೀನಿನಂತಹ ಪ್ರತ್ಯಾಮ್ಲಗಳ ಶಿಖರಗಳಿಗೆ ಮಾತ್ರ ಬಾಲ ಬೆಳೆದಿದ್ದರೆ ಸಿಲನಾಲ್ ಗುಂಪುಗಳೇ ಕಾರಣ. ಇದನ್ನು ತಡೆಯಲು ಹಿಂದೆ ವಾಹಕಕ್ಕೆ ಟ್ರೈಈಥೈಲ್ ಅಮೀನನ್ನು ಬೆರೆಸುತ್ತಿದ್ದರು. ೧೯೯೦ರ ದಶಕದಲ್ಲಿ ಲೋಹದ ಕಲ್ಮಷ ತೀರ ಕಡಿಮೆಯಿರುವ ಸಿಲಿಕಾ ವ್ಯಾಪಕವಾಗಿ ಬಳಕೆಗೆ ಬಂದು ಆ ಅಗತ್ಯ ತಗ್ಗಿತು.

ಸ್ತಂಭದ ಆಯುಸ್ಸೂ ಈ ಮೇಲ್ಮೈಯನ್ನೇ ಅವಲಂಬಿಸಿದೆ. ಸಾಧಾರಣ ಸ್ತಂಭದಲ್ಲಿ ವಾಹಕದ ಪಿಎಚ್ ೨ಕ್ಕಿಂತ ಇಳಿದರೆ ಬಂಧಿಸಿದ ಸರಪಳಿಗಳು ಕಳಚಿ ಸಿಲನಾಲ್ ಗುಂಪುಗಳು ಬಯಲಾಗುವುವು. ೮ಕ್ಕಿಂತ ಏರಿದರೆ ಸಿಲಿಕಾ ತಾನೇ ಕರಗಿ ತಲೆಯಲ್ಲಿ ಟೊಳ್ಳುಂಟಾಗುವುದು. ಹೀಗೆ ಶಿಖರದ ವಿಕಾರವು ಹಲವು ವೇಳೆ ಸ್ತಂಭದ ಅವಸಾನದ ಮುನ್ಸೂಚನೆ. ಮಾದರಿಯನ್ನು ಸೋಸುವುದು, ಮುಂದುಗಡೆ ಚಿಕ್ಕ ರಕ್ಷಕಸ್ತಂಭವನ್ನು ಜೋಡಿಸುವುದು, ಲವಣಗಳನ್ನು ತೊಳೆದು ತೆಗೆದಿಡುವುದು ಇದಕ್ಕೆ ತಕ್ಕ ಎಚ್ಚರಿಕೆಗಳು.

ಇದು ಕೇವಲ ಅಂದದ ಪ್ರಶ್ನೆಯಲ್ಲ. ಔಷಧದ ಪರೀಕ್ಷೆಯಲ್ಲಿ ಮುಖ್ಯ ಶಿಖರದ ಬಾಲದೊಳಗೆ ಅಲ್ಪ ಪ್ರಮಾಣದ ಕಲ್ಮಷವೊಂದು ಅಡಗಿಕೊಳ್ಳಬಹುದು. ಆಗ ಅಶುದ್ಧವಾದುದು ಶುದ್ಧವೆನಿಸಿಕೊಳ್ಳುವುದು. ಸಾಕ್ಷ್ಯವನ್ನು ನಂಬುವ ಮುನ್ನ ಅದು ಹಾದುಬಂದ ದಾರಿಯನ್ನು ಪರೀಕ್ಷಿಸಬೇಕೆಂಬುದು ಚರಿತ್ರಕಾರರಿಗೆ ಹೊಸದಲ್ಲ. ಹಸ್ತಪ್ರತಿಯನ್ನು ಓದುವಾಗ ಲಿಪಿಕಾರನ ಕೈಯನ್ನು ಗುರುತಿಸುವಂತೆ, ಶಿಖರವನ್ನು ಓದುವಾಗ ಸ್ತಂಭದ ಕೈವಾಡವನ್ನು ಗುರುತಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.