ಗಿಟಾರ್‌ನ ಆರೂ ತಂತಿ ಒಟ್ಟಿಗೆ ಬಿಚ್ಚಿದರೆ ನೆಕ್ ಬಾಗುತ್ತದೆಯೇ? ಮನೆಯಲ್ಲೇ ತಂತಿ ಬದಲಿಸುವ ಸರಿಯಾದ ಕ್ರಮ ಇಲ್ಲಿದೆ

ಮಳೆಗಾಲ ಮುಗಿದ ಮೇಲೆ ಕಳಸ, ಮೂಡಿಗೆರೆ, ಕುದುರೆಮುಖದ ಕಡೆಯ ಮನೆಗಳಲ್ಲಿ ಗಿಟಾರ್ ಚೀಲ ಬಿಚ್ಚಿದರೆ ಮೊದಲು ಕಾಣುವುದು ತಂತಿಯ ಮೇಲಿನ ತುಕ್ಕು. ಹತ್ತಿರದಲ್ಲಿ ಗಿಟಾರ್ ರಿಪೇರಿ ಅಂಗಡಿ ಇಲ್ಲದವರು ಸಲಹೆಗಾಗಿ ಮೊಬೈಲ್ ನೋಡುತ್ತಾರೆ. ಆಗ ಸಿಗುವ ಮಾತುಗಳು ಬಗೆಬಗೆಯವು. ಎಲ್ಲಾ ತಂತಿ ಒಮ್ಮೆಗೇ ತೆಗೆಯಬೇಡಿ, ಹಳೆಯ ತಂತಿ ಕುದಿಸಿದರೆ ಹೊಸದಾಗುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿ, ತುಕ್ಕು ತಂತಿ ಚುಚ್ಚಿದರೆ ಧನುರ್ವಾಯು ಖಚಿತ... ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ಒಂದೊಂದಾಗಿ ನೋಡೋಣ.

ಮಲೆನಾಡಿನಲ್ಲಿ ತಂತಿ ಬೇಗ ಹಾಳಾಗುವುದೇಕೆ?

ಬೆಂಗಳೂರಿನಲ್ಲಿ ವರ್ಷಕ್ಕೆ 1,000 ಮಿ.ಮೀ. ಆಸುಪಾಸು ಮಳೆಯಾದರೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸುತ್ತ ಸುಮಾರು 7,000 ಮಿ.ಮೀ. ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಗಿಟಾರ್‌ನ ಸಣ್ಣ ತಂತಿಗಳು ಉಕ್ಕಿನವು. ದಪ್ಪ ತಂತಿಗಳ ಒಳಗೂ ಉಕ್ಕಿನ ಎಳೆಯೇ ಇದ್ದು, ಮೇಲೆ ಕಂಚಿನಂಥ ಮಿಶ್ರಲೋಹ ಸುತ್ತಿರುತ್ತದೆ. ಬೆರಳಿನ ಬೆವರಿನ ಉಪ್ಪು ಮತ್ತು ತೇವ ಸೇರಿದರೆ ಉಕ್ಕು ತುಕ್ಕು ಹಿಡಿಯುತ್ತದೆ. ಮರವೂ ತೇವ ಹೀರಿ ಉಬ್ಬುತ್ತದೆ. ಒಣಗಿಸಿದ ಕಾಫಿ ಬೀಜ ಮಳೆಗಾಲದ ಗಾಳಿಗೆ ಉಬ್ಬುವುದನ್ನು ತೋಟದವರು ಬಲ್ಲರು, ಇದೂ ಹಾಗೆಯೇ. ಗಿಟಾರ್‌ನ ಮುಂಭಾಗದ ಹಲಗೆ ಉಬ್ಬಿದಾಗ ತಂತಿ ಮೇಲೇರಿ, ಒತ್ತಲು ಕಷ್ಟವಾಗುತ್ತದೆ.

ಹೇಳಿಕೆ 1: ಎಲ್ಲಾ ತಂತಿ ಒಮ್ಮೆಗೇ ತೆಗೆದರೆ ನೆಕ್ ಬಾಗುತ್ತದೆ

ಇದು ಸುಳ್ಳು. ಮಾಮೂಲಿ ಅಳತೆಯ ಆರು ಉಕ್ಕಿನ ತಂತಿಗಳು ಸೇರಿ 70 ಕೆ.ಜಿ.ಗಿಂತ ಹೆಚ್ಚು ಸೆಳೆತ ಹಾಕುತ್ತವೆ. ಅದನ್ನು ತಡೆಯಲು ಹೆಚ್ಚಿನ ಗಿಟಾರ್‌ಗಳ ನೆಕ್ ಒಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇರುತ್ತದೆ. ಕೆಲವು ಗಂಟೆ ಸೆಳೆತ ಇಲ್ಲದಿದ್ದರೆ ನೆಕ್‌ಗೆ ಹಾನಿಯಿಲ್ಲ. ರಿಪೇರಿ ಮಾಡುವವರು ಆರೂ ತಂತಿ ಬಿಚ್ಚಿಯೇ ಕೆಲಸ ಮಾಡುತ್ತಾರೆ. ಒಂದೊಂದಾಗಿ ಬದಲಿಸುವುದೂ ತಪ್ಪಲ್ಲ, ಆದರೆ ಆಗ ಫ್ರೆಟ್‌ಗಳ ನಡುವಿನ ಕೊಳೆ ಒರೆಸಲು ಆಗುವುದಿಲ್ಲ.

ಹೇಳಿಕೆ 2: ಹಳೆಯ ತಂತಿ ಕುದಿಸಿದರೆ ಹೊಸದಾಗುತ್ತದೆ

ಅರ್ಧ ಸತ್ಯ. ಸುತ್ತುಗಳ ನಡುವಿನ ಜಿಡ್ಡು ಹೋಗಿ ಸ್ವಲ್ಪ ದಿನ ನಾದ ಚೆನ್ನಾಗಿರಬಹುದು. ಆದರೆ ದಣಿದ ಲೋಹ, ಫ್ರೆಟ್‌ಗೆ ತಾಗಿ ಸವೆದ ಜಾಗ ಸರಿಯಾಗುವುದಿಲ್ಲ. ಸರಿಯಾಗಿ ಒಣಗಿಸದಿದ್ದರೆ ತುಕ್ಕು ಇನ್ನೂ ಬೇಗ ಬರುತ್ತದೆ.

ಹೇಳಿಕೆ 3: ಕೊಬ್ಬರಿ ಎಣ್ಣೆ ಹಚ್ಚಿದರೆ ತುಕ್ಕು ಬರುವುದಿಲ್ಲ

ಎಣ್ಣೆ ತೇವವನ್ನು ತಡೆಯುತ್ತದೆ ಎಂಬುದು ನಿಜ. ಆದರೆ ಅದು ತಂತಿಯ ಸುತ್ತುಗಳೊಳಗೆ ಇಳಿದು ಧೂಳು ಹಿಡಿಯುತ್ತದೆ, ನಾದ ಮಂಕಾಗುತ್ತದೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿಯ ಮೇಲೆ, ಕೆಳಗೆ ಒರೆಸುವುದೇ ಉತ್ತಮ.

ಹೇಳಿಕೆ 4: ತುಕ್ಕು ತಂತಿ ಚುಚ್ಚಿದರೆ ಧನುರ್ವಾಯು ಬರುತ್ತದೆ

ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾದಿಂದ. ಅದರ ಬೀಜಕಣಗಳು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತವೆ. ಆಳವಾಗಿ ಚುಚ್ಚಿದ ಗಾಯದಲ್ಲಿ ಗಾಳಿ ಆಡದ ಕಾರಣ ಅವು ಬೆಳೆಯುತ್ತವೆ. ಹೊಳೆಯುವ ಹೊಸ ತಂತಿ ಚುಚ್ಚಿದರೂ, ಕೈಯಲ್ಲಿ ತೋಟದ ಮಣ್ಣು ಇದ್ದರೆ ಅಪಾಯ ಇದ್ದೇ ಇದೆ. ಹಾಗಾಗಿ ತುಕ್ಕು ಇರಲಿಲ್ಲ ಎಂದು ಸುಮ್ಮನಿರಬೇಡಿ. ಗಾಯವನ್ನು ಸೋಪು ನೀರಿನಿಂದ ತೊಳೆಯಿರಿ. ಗಾಯ ಆಳವಾಗಿದ್ದರೆ ಅಥವಾ ಕೊಳೆಯಾಗಿದ್ದರೆ, ಚುಚ್ಚುಮದ್ದು ತೆಗೆದುಕೊಂಡು 5 ವರ್ಷ ಕಳೆದಿದ್ದರೆ ಅಥವಾ ಯಾವಾಗ ತೆಗೆದುಕೊಂಡದ್ದೆಂದು ನೆನಪಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ತಂತಿ ಕೊಳ್ಳುವ ಮುನ್ನ

ನಿಮ್ಮ ಗಿಟಾರ್ ಉಕ್ಕಿನ ತಂತಿಯದೋ, ನೈಲಾನ್ ತಂತಿಯದೋ ನೋಡಿಕೊಳ್ಳಿ. ಬ್ರಿಡ್ಜ್‌ನಲ್ಲಿ ಆರು ಪಿನ್‌ಗಳಿದ್ದರೆ ಸಾಮಾನ್ಯವಾಗಿ ಅದು ಉಕ್ಕಿನ ತಂತಿಯ ಗಿಟಾರ್. ವೀಣೆಯಲ್ಲಿ ಕುದುರೆ ಎನ್ನುತ್ತೇವಲ್ಲ, ಅದೇ ಇಲ್ಲಿ ಬ್ರಿಡ್ಜ್. ನೈಲಾನ್ ತಂತಿಗಳನ್ನು ಬ್ರಿಡ್ಜ್‌ಗೆ ಗಂಟು ಹಾಕಿ ಕಟ್ಟಿರುತ್ತಾರೆ. ಅವುಗಳ ಒಟ್ಟು ಸೆಳೆತ ಸುಮಾರು 40 ಕೆ.ಜಿ. ಮಾತ್ರ. ಅಂಥ ಗಿಟಾರ್‌ಗೆ ಉಕ್ಕಿನ ತಂತಿ ಹಾಕಿದರೆ ಬ್ರಿಡ್ಜ್ ಕಿತ್ತು ಬರಬಹುದು. ಮುಂದಿನ ಕ್ರಮ ಉಕ್ಕಿನ ತಂತಿಯ ಗಿಟಾರ್‌ಗೆ ಮಾತ್ರ.

ತಂತಿ ಬದಲಿಸುವ ಕ್ರಮ

1. ಬಿರಡೆ ತಿರುಗಿಸಿ ತಂತಿಗಳನ್ನು ಪೂರ್ತಿ ಸಡಿಲ ಮಾಡಿ. ಬಿಗಿಯಾಗಿರುವ ತಂತಿಯನ್ನು ಎಂದೂ ಕತ್ತರಿಸಬೇಡಿ. ಮೊದಲನೇ ತಂತಿ 0.3 ಮಿ.ಮೀ. ದಪ್ಪವಷ್ಟೇ ಇದ್ದರೂ 10 ಕೆ.ಜಿ. ಸೆಳೆತದಲ್ಲಿರುತ್ತದೆ. ಕತ್ತರಿಸಿದ ತುದಿ ಚಿಮ್ಮಿ ಕಣ್ಣಿಗೆ ಬಡಿಯಬಹುದು. ಕನ್ನಡಕ ಹಾಕಿಕೊಳ್ಳಿ, ಚಿಕ್ಕ ಮಕ್ಕಳನ್ನು ದೂರ ಇಡಿ.

2. ಬ್ರಿಡ್ಜ್ ಪಿನ್ ಬಿಗಿಯಾಗಿದ್ದರೆ ಇಕ್ಕಳದಿಂದ ಜಗ್ಗಬೇಡಿ, ಮುರಿಯುತ್ತದೆ. ತಂತಿಯನ್ನು ಸ್ವಲ್ಪ ಒಳಕ್ಕೆ ತಳ್ಳಿ ಸಡಿಲಿಸಿ. ಆಗಲೂ ಬರದಿದ್ದರೆ ನಾದರಂಧ್ರದೊಳಗೆ ಕೈ ಹಾಕಿ, ನಾಣ್ಯದಿಂದ ಪಿನ್ನನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ.

3. ಫ್ರೆಟ್‌ಬೋರ್ಡನ್ನು ಒಣ ಬಟ್ಟೆಯಿಂದ ಒರೆಸಿ.

4. ಹೊಸ ತಂತಿಯ ಗುಂಡು ಇರುವ ತುದಿಯನ್ನು ರಂಧ್ರಕ್ಕೆ ಇಳಿಸಿ. ಪಿನ್ನಿನ ಗೀರು ತಂತಿಯ ಕಡೆಗೆ, ಅಂದರೆ ನಾದರಂಧ್ರದ ಕಡೆಗೆ ಇರಲಿ. ಪಿನ್ ಒತ್ತಿ ಹಿಡಿದು ತಂತಿಯನ್ನು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಗುಂಡು ಒಳಗೆ ಹಲಗೆಗೆ ತಾಗಿ ನಿಲ್ಲುತ್ತದೆ. ಪಿನ್ ಮೇಲೆದ್ದರೆ ಮತ್ತೆ ಕೂರಿಸಿ.

5. ಇನ್ನೊಂದು ತುದಿಯನ್ನು ಬಿರಡೆಯ ಕಂಬದ ರಂಧ್ರದಲ್ಲಿ ತೂರಿಸಿ, ಸುಮಾರು 5 ಸೆಂ.ಮೀ. ಸಡಿಲ ಬಿಡಿ. ದಪ್ಪ ತಂತಿಗೆ 2–3 ಸುತ್ತು, ಸಣ್ಣದಕ್ಕೆ 3–4 ಸುತ್ತು ಸಾಕು. ಸುತ್ತುಗಳು ಒಂದರ ಕೆಳಗೊಂದು ಕೂರಲಿ, ಒಂದರ ಮೇಲೊಂದು ಏರಬಾರದು.

6. ಮೊಬೈಲ್ ಟ್ಯೂನರ್ ಆ್ಯಪ್ ಬಳಸಿ ದಪ್ಪ ತಂತಿಯಿಂದ ಆರಂಭಿಸಿ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡಿ. ಆರನೇ ತಂತಿ 82.4 ಹರ್ಟ್ಸ್, ಮೊದಲನೆಯದು 329.6 ಹರ್ಟ್ಸ್. ಕೆಲವು ಆ್ಯಪ್‌ಗಳು ಅಕ್ಷರ ಮಾತ್ರ ತೋರಿಸುತ್ತವೆ, ಹಾಗಾಗಿ ಸ್ಥಾಯಿ ತಪ್ಪಬಹುದು. ಸೆಳೆತ ಕಂಪನದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಒಂದು ಸ್ಥಾಯಿ ಮೇಲೆ ಹೋದರೆ ಕಂಪನ ಎರಡು ಪಟ್ಟು, ಸೆಳೆತ ನಾಲ್ಕು ಪಟ್ಟು. ಹೊಸ ತಂತಿ ಪಟ್ಟನೆ ತುಂಡಾಗಲು ಇದೂ ಒಂದು ಕಾರಣ.

7. ಹೊಸ ತಂತಿ ಮೊದಲ ಒಂದೆರಡು ದಿನ ಶ್ರುತಿ ಇಳಿಯುವುದು ಸಹಜ. ಮೆಲ್ಲಗೆ ಎಳೆದು ಬಿಟ್ಟು ಮತ್ತೆ ಶ್ರುತಿ ಮಾಡಿ. ಕೊನೆಯಲ್ಲಿ ಉಳಿದ ತುದಿ ಕತ್ತರಿಸಿ. ತುಂಡುಗಳನ್ನು ನೆಲದ ಮೇಲೆ ಬಿಡದೆ ಕಾಗದದಲ್ಲಿ ಸುತ್ತಿ ಎಸೆಯಿರಿ.

ಮಳೆಗಾಲದಲ್ಲಿ ಎಲ್ಲಿಡಬೇಕು?

ತೇವ ತಾಗದಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಬಿಸಿಗೆ ಅಂಟು ಮೆತ್ತಗಾಗಿ ಕೀಲು ಬಿಡಬಹುದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲೂ ಇದೇ ಅಪಾಯ. ಚೀಲದಲ್ಲಿ ಅಕ್ಕಿ ಕಟ್ಟಿಡುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಸಿಲಿಕಾ ಜೆಲ್ ಪೊಟ್ಟಣ ಅದಕ್ಕಿಂತ ಉತ್ತಮ. ಅದು ತೇವ ಹೀರಿ ತುಂಬಿದ ಮೇಲೆ ಬದಲಿಸಬೇಕು. ಗಿಟಾರ್‌ಗೆ ಒಗ್ಗುವ ಗಾಳಿಯ ತೇವಾಂಶ ಶೇ. 45ರಿಂದ 55. ಹೊರಗೋಡೆಗೆ ಒರಗಿಸದೆ, ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿಡಿ.

ಒಟ್ಟಿನಲ್ಲಿ, ಆರೂ ತಂತಿ ಒಟ್ಟಿಗೆ ಬಿಚ್ಚುವುದರಿಂದ ಗಿಟಾರ್ ಹಾಳಾಗುವುದಿಲ್ಲ. ಗಿಟಾರ್‌ಗೆ ಹೊಂದದ ತಂತಿ ಹಾಕುವುದರಿಂದ, ಬಿಗಿ ತಂತಿ ಕತ್ತರಿಸುವುದರಿಂದ, ಒಲೆಯ ಬಿಸಿಯಿಂದ ಹಾನಿಯಾಗುತ್ತದೆ. ಹಳೆಯ ಫಾರ್ವರ್ಡ್ ಕಳಿಸುವ ಬದಲು, ತಂತಿ ಬದಲಿಸಲು ಹೊರಟ ನಿಮ್ಮ ಸ್ನೇಹಿತರಿಗೆ ಈ ಮೂರು ಮಾತು ಕಳಿಸಿ.