ತಡವಾಗಿ ಬಂದ ಹಿಮ

1978ರ ಫೆಬ್ರುವರಿ 6, ಸೋಮವಾರ. ಅಮೆರಿಕದ ಈಶಾನ್ಯ ಕರಾವಳಿಯ ಬೋಸ್ಟನ್ ನಗರದ ಜನ ಬೆಳಿಗ್ಗೆ ಎದ್ದು ಕಿಟಕಿಯಾಚೆ ನೋಡಿದರೆ ಹಿಮದ ಸುಳಿವೇ ಇಲ್ಲ. ಭಾರಿ ಹಿಮ ಬಿರುಗಾಳಿ ಬರಲಿದೆ, ನಸುಕಿಗೇ ಆರಂಭವಾಗಲಿದೆ ಎಂದು ಹವಾಮಾನ ಸೇವೆ ಭಾನುವಾರವೇ ಎಚ್ಚರಿಸಿತ್ತು. ಆದರೆ ಎರಡು ವಾರಗಳ ಹಿಂದಷ್ಟೇ, ಜನವರಿ 20ರಂದು, ಅದರ ಲೆಕ್ಕ ತಲೆಕೆಳಗಾಗಿತ್ತು. ಹಿಮ ಮಳೆಯಾಗಿ ಬದಲಾಗುತ್ತದೆ ಎಂದುಕೊಂಡಿದ್ದ ದಿನ ಬೋಸ್ಟನ್‌ನಲ್ಲಿ 21 ಅಂಗುಲ ಹಿಮ ಬಿದ್ದಿತ್ತು. ಈ ಬಾರಿಯೂ ಹಾಗೆಯೇ ಇರಬೇಕು ಎಂದುಕೊಂಡ ಜನ ಎಂದಿನಂತೆ ಕೆಲಸಕ್ಕೆ ಹೊರಟರು.

ಮುನ್ಸೂಚನೆ ಸುಳ್ಳಾಗಿರಲಿಲ್ಲ. ಕೆಲವೇ ಗಂಟೆ ತಡವಾಗಿತ್ತು. ಮಧ್ಯಾಹ್ನಕ್ಕೆ ಮುಂಚೆ ಶುರುವಾದ ಹಿಮ ಮಂಗಳವಾರ ಸಂಜೆಯವರೆಗೆ ಸುರಿಯಿತು. ಕಚೇರಿಗಳು ನೌಕರರನ್ನು ಬೇಗ ಮನೆಗೆ ಕಳುಹಿಸಿದವು. ಎಲ್ಲರೂ ಒಟ್ಟಿಗೆ ರಸ್ತೆಗಿಳಿದರು. ಒಂದು ಲಾರಿ ಅಡ್ಡ ನಿಂತರೆ ಹಿಂದಿನದೆಲ್ಲವೂ ನಿಲ್ಲಬೇಕು. ನಿಂತ ವಾಹನಗಳ ನಡುವೆ ಹಿಮ ಗೋರುವ ಯಂತ್ರವೂ ನುಗ್ಗಲಾರದು. ನಗರವನ್ನು ಬಳಸಿ ಸಾಗುವ 128ನೇ ಸಂಖ್ಯೆಯ ಹೆದ್ದಾರಿಯಲ್ಲಿ 3,000ಕ್ಕೂ ಹೆಚ್ಚು ಕಾರುಗಳು ಹೂತುಹೋದವು. ಚಳಿ ತಾಳಲಾರದೆ ಎಂಜಿನ್ ಚಾಲೂ ಇಟ್ಟು ಕುಳಿತವರಲ್ಲಿ ಕೆಲವರು, ಸೈಲೆನ್ಸರ್ ಕೊಳವೆಗೆ ಹಿಮ ಮೆತ್ತಿ ವಿಷಾನಿಲ ಒಳನುಗ್ಗಿದ್ದರಿಂದ ಕುಳಿತಲ್ಲೇ ಸತ್ತರು. ಅದೇ ರಾತ್ರಿ ಹಾಕಿ ಪಂದ್ಯ ನೋಡಲು ಬೋಸ್ಟನ್ ಗಾರ್ಡನ್ ಕ್ರೀಡಾಂಗಣಕ್ಕೆ ಹೋದವರೂ ಸಾವಿರಾರು ಮಂದಿ. ಅವರಲ್ಲಿ ಅನೇಕರಿಗೆ ಅಲ್ಲೇ ರಾತ್ರಿ ಕಳೆಯಬೇಕಾಯಿತು.

ಬೋಸ್ಟನ್‌ನಲ್ಲಿ ಬಿದ್ದದ್ದು 27 ಅಂಗುಲ. ಮ್ಯಾಸಚೂಸೆಟ್ಸ್ ಮತ್ತು ರೋಡ್ ಐಲೆಂಡ್ ರಾಜ್ಯಗಳಲ್ಲಿ ಸತ್ತವರು ಸುಮಾರು ನೂರು ಮಂದಿ. ಗವರ್ನರ್ ಮೈಕೆಲ್ ಡುಕಾಕಿಸ್ ಖಾಸಗಿ ವಾಹನ ಸಂಚಾರವನ್ನೇ ನಿಷೇಧಿಸಿದರು. ಬಿರುಗಾಳಿ ಬಂದ ಮೇಲೆ, ಅಷ್ಟೆ.

ನಮ್ಮ ಕಡೆ ಹಿಮದ ಪರಿಚಯ ಇಲ್ಲದವರಿಗೆ ಒಂದು ಲೆಕ್ಕ: ಎರಡು ಅಂಗುಲ ಮಳೆ ಬಂದರೆ ಚರಂಡಿ ತುಂಬಿ ಹರಿದುಹೋಗುತ್ತದೆ. ಅಷ್ಟೇ ನೀರು ಹಿಮವಾಗಿ ಬಿದ್ದರೆ ಸುಮಾರು ಇಪ್ಪತ್ತು ಅಂಗುಲ. ಅದು ಎಲ್ಲಿಗೂ ಹರಿಯದೆ ಬೀದಿಯಲ್ಲೇ ಕೂರುತ್ತದೆ. ‘ನಾರ್‌ಈಸ್ಟರ್’ ಎಂದು ಕರೆಯುವ ಈ ಬಿರುಗಾಳಿಗಳು ಕೆನಡಾದ ಶೀತಗಾಳಿಯೂ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ತೇವವೂ ಕೂಡುವಲ್ಲಿ ಬಲಿಯುತ್ತವೆ. ಕರಾವಳಿಯ ಗುಂಟ ಅದು ಹಿಡಿಯುವ ದಾರಿ ಸ್ವಲ್ಪ ಆಚೀಚೆಯಾದರೂ ಹಿಮ ಬೀಳಬೇಕಾದ ಊರಿನಲ್ಲಿ ಮಳೆ ಬೀಳುತ್ತದೆ, ಅಥವಾ ಏನೂ ಬೀಳುವುದಿಲ್ಲ. ಮುನ್ಸೂಚಕರ ಕಷ್ಟವೆಲ್ಲ ಇಲ್ಲಿದೆ.

ಹಿಂದೆ ಈ ಕಷ್ಟ ಇನ್ನೂ ದೊಡ್ಡದಾಗಿತ್ತು. 1888ರಲ್ಲಿ ಹವಾಮಾನ ವರದಿ ಅಮೆರಿಕದ ಸೇನೆಯ ಸಿಗ್ನಲ್ ವಿಭಾಗದ ಕೈಯಲ್ಲಿತ್ತು. ಟೆಲಿಗ್ರಾಫ್ ತಂತಿ ನೆಲದ ಸುದ್ದಿ ತರುತ್ತಿತ್ತು. ಸಮುದ್ರದ ಮೇಲಿನ ಸುದ್ದಿ ತರುವವರಿರಲಿಲ್ಲ. ಮಾರ್ಚ್ 10ರ ಶನಿವಾರ ನ್ಯೂಯಾರ್ಕಿನಲ್ಲಿ ವಸಂತದ ಹಿತವಾದ ಹವೆ. ಭಾನುವಾರ ಮಳೆ. ಮಧ್ಯರಾತ್ರಿಯ ನಂತರ ಆ ಮಳೆಯೇ ಹಿಮವಾಯಿತು. ಸುಮಾರು 400 ಜನ ಸತ್ತರು. ಮಾಜಿ ಸೆನೆಟರ್ ರಾಸ್ಕೋ ಕಾಂಕ್ಲಿಂಗ್ ಸೋಮವಾರ ಕಚೇರಿಯಿಂದ ಹಿಮದಲ್ಲೇ ನಡೆದು ಬಂದು ಕುಸಿದರು. ಮುಂದಿನ ತಿಂಗಳು ತೀರಿಕೊಂಡರು. ತಲೆಯ ಮೇಲೆ ತೂಗುತ್ತಿದ್ದ ತಂತಿಗಳನ್ನು ನೆಲದೊಳಗೆ ಹೂಳಬೇಕೆಂಬ ಒತ್ತಾಯ ಆಮೇಲೆ ಬಲವಾಯಿತು.

ಮುನ್ಸೂಚನೆ ಮತ್ತು ಸಿದ್ಧತೆ ಒಂದಕ್ಕೊಂದು ಕೈಹಿಡಿದದ್ದು 1993ರ ಮಾರ್ಚ್‌ನಲ್ಲಿ. ಕಂಪ್ಯೂಟರ್‌ಗಳು ಐದು ದಿನ ಮೊದಲೇ ಬಿರುಗಾಳಿಯ ಸೂಚನೆ ಕೊಟ್ಟವು. ಈಶಾನ್ಯದ ಹಲವು ರಾಜ್ಯಗಳು ಹಿಮ ಬೀಳುವ ಮುನ್ನವೇ ತುರ್ತುಸ್ಥಿತಿ ಘೋಷಿಸಿದವು. ಆದರೂ ಅದೇ ಬಿರುಗಾಳಿ ದಕ್ಷಿಣದಲ್ಲಿ, ಹಿಮವೇ ಇಲ್ಲದ ಫ್ಲಾರಿಡಾ ಕರಾವಳಿಯಲ್ಲಿ, ಸಮುದ್ರವನ್ನು ಊರೊಳಗೆ ನುಗ್ಗಿಸಿತು. ಅಲ್ಲಿನ ಜನಕ್ಕೆ ತಕ್ಕ ಎಚ್ಚರಿಕೆ ಸಿಗಲಿಲ್ಲ.

ನಂಬಿ ಕೈಸುಟ್ಟುಕೊಂಡ ಉದಾಹರಣೆಯೂ ಇದೆ. 2015ರ ಜನವರಿ 26ರ ರಾತ್ರಿ ನ್ಯೂಯಾರ್ಕ್ ತನ್ನ ಸುರಂಗ ರೈಲನ್ನು ಹಿಮದ ಭಯಕ್ಕೆ ಮೊದಲ ಬಾರಿ ನಿಲ್ಲಿಸಿತು. ನಿರೀಕ್ಷಿಸಿದ್ದು ಎರಡು ಅಡಿಯಷ್ಟು. ಸೆಂಟ್ರಲ್ ಪಾರ್ಕ್‌ನಲ್ಲಿ ಬಿದ್ದದ್ದು ಹತ್ತು ಅಂಗುಲಕ್ಕೂ ಕಡಿಮೆ. ಬಿರುಗಾಳಿ ಒಂದಿಷ್ಟು ಪೂರ್ವಕ್ಕೆ ಸರಿದಿತ್ತು. ಬೋಸ್ಟನ್ ಕಡೆ ಎರಡು ಅಡಿ ಬಿದ್ದೇ ಬಿತ್ತು. ನ್ಯೂಜೆರ್ಸಿ ಭಾಗದ ಮುನ್ಸೂಚಕ ಗ್ಯಾರಿ ಸಟ್ಕೋವ್‌ಸ್ಕಿ ಬಹಿರಂಗವಾಗಿ ಕ್ಷಮೆ ಕೇಳಿದರು. ಕೇಳಬೇಕಿತ್ತೇ ಎಂಬುದು ಬೇರೆ ಮಾತು; ನಗರದ ಆಡಳಿತ ಕೆಲಸ ನಿಲ್ಲಿಸಿದ್ದಕ್ಕೆ ಬೈದವರಂತೂ ಬಹಳ.

ಮರುವರ್ಷ, 2016ರ ಜನವರಿ 23ರಂದು, ಮತ್ತೊಂದು ಬಿರುಗಾಳಿ ಬಂತು. ನ್ಯೂಯಾರ್ಕಿಗೆ ಮೊದಲು ಹೇಳಿದ್ದ ಅಂದಾಜನ್ನು ಹಿಮ ಬೀಳುತ್ತಿರುವಾಗಲೇ ಏರಿಸಬೇಕಾಯಿತು. ವಾಹನ ಸಂಚಾರ ನಿಷೇಧ ಜಾರಿಯಾದದ್ದು ಮಧ್ಯಾಹ್ನದ ಮೇಲೆ. ಸೆಂಟ್ರಲ್ ಪಾರ್ಕ್‌ನಲ್ಲಿ ಒಟ್ಟು ಬಿದ್ದ ಹಿಮ 27.5 ಅಂಗುಲ, 1869ರಲ್ಲಿ ಅಲ್ಲಿ ದಾಖಲೆ ಆರಂಭವಾದ ಮೇಲೆ ಯಾವ ಬಿರುಗಾಳಿಯೂ ಸುರಿಸದಷ್ಟು.