ಗೂಡಿನ ಮುಂದೆ ಕ್ಯಾಮೆರಾ

ಶನಿವಾರ ಬೆಳಗ್ಗೆ ನಾಲ್ಕೂವರೆಗೆ ಅಲಾರಂ ಇಟ್ಟು ಏಳೋರು ನಮ್ಮ ಆಫೀಸಿನಲ್ಲೇ ಏಳೆಂಟು ಜನ ಇದ್ದಾರೆ. ವಾರದ ದಿನಗಳಲ್ಲಿ ಬೆಳಗಿನ ಮೀಟಿಂಗಿಗೆ ವಿಡಿಯೋ ಆಫ್ ಮಾಡಿಕೊಂಡು ಹಾಸಿಗೆಯಿಂದಲೇ ಹಾಜರಿ ಹಾಕುವವರೂ ಇವರೇ. ಶನಿವಾರ ಮಾತ್ರ ಕತ್ತಲಲ್ಲೇ ಎದ್ದು, ಇಎಂಐ ಮೇಲೆ ತಗೊಂಡ ಲೆನ್ಸು ಹೆಗಲಿಗೇರಿಸಿ, ರಂಗನತಿಟ್ಟಿಗೋ ಹೆಸರಘಟ್ಟಕ್ಕೋ ನಂದಿಬೆಟ್ಟಕ್ಕೋ ಹೊರಡುತ್ತಾರೆ. ನಾನೂ ಅವರಲ್ಲೊಬ್ಬ. ಇದೆಲ್ಲ ಐಟಿ ಸಂಬಳ ಬಂದಮೇಲೆ ಹುಟ್ಟಿದ ಖಯಾಲಿ ಅಂತ ಬಹಳ ದಿನ ಅಂದುಕೊಂಡಿದ್ದೆ. ಓದುತ್ತಾ ಹೋದಾಗ ಗೊತ್ತಾಯ್ತು, ಹಳ್ಳಿಯಿಂದ ಬಂದು ಪಟ್ಟಣದ ಆಫೀಸಿನಲ್ಲಿ ದುಡಿಯುತ್ತಾ, ಬಿಡುವು ಸಿಕ್ಕಾಗ ಕ್ಯಾಮೆರಾ ಹೊತ್ತು ಹಕ್ಕಿ ಹುಡುಕಿಕೊಂಡು ಹೋದವರು 130 ವರ್ಷದ ಹಿಂದೆಯೇ ಇದ್ದರು ಅಂತ.

ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯದಲ್ಲಿ ಥ್ವೇಟ್ ಅನ್ನೋ ಪುಟ್ಟ ಹಳ್ಳಿ. ಅಲ್ಲಿನ ಕುರಿ ಸಾಕುವ ಮನೆತನದ ಅಣ್ಣತಮ್ಮಂದಿರು ರಿಚರ್ಡ್ ಕೀರ್ಟನ್ ಮತ್ತು ಚೆರ್ರಿ ಕೀರ್ಟನ್. ರಿಚರ್ಡ್ ಹುಡುಗನಾಗಿದ್ದಾಗ ಹಕ್ಕಿಗೂಡು ಹುಡುಕುತ್ತಾ ಮರದಿಂದ ಬಿದ್ದು ಕಾಲು ಏಟು ಮಾಡಿಕೊಂಡು, ಜೀವನಪೂರ್ತಿ ಕುಂಟುತ್ತಲೇ ನಡೆದ. ಮುಂದೆ ಲಂಡನ್ನಿನ ಕ್ಯಾಸೆಲ್ ಎಂಬ ಪುಸ್ತಕ ಪ್ರಕಾಶನದ ಕಚೇರಿಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಆಮೇಲೆ ತಮ್ಮನೂ ಅಲ್ಲಿಗೇ ಸೇರಿದ. 1892ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೊರವಲಯದಲ್ಲಿ ಚೆರ್ರಿ ಒಂದು ಫೋಟೋ ತೆಗೆದ. ಹಾಡುವ ಥ್ರಷ್ ಹಕ್ಕಿಯ ಗೂಡು, ಒಳಗೆ ಮೊಟ್ಟೆಗಳು, ಅಷ್ಟೇ. ಹಕ್ಕಿ ಛಾಯಾಗ್ರಹಣದ ಕತೆ ಹೇಳುವವರು ಸಾಮಾನ್ಯವಾಗಿ ಈ ಚಿತ್ರದಿಂದಲೇ ಶುರುಮಾಡುತ್ತಾರೆ. ಮೂರು ವರ್ಷದ ನಂತರ, 1895ರಲ್ಲಿ, ಅಣ್ಣ ಬರೆದು ತಮ್ಮ ಫೋಟೋ ತೆಗೆದ 'ಬ್ರಿಟಿಷ್ ಬರ್ಡ್ಸ್ ನೆಸ್ಟ್ಸ್' ಪುಸ್ತಕ ಹೊರಬಂತು.

ಮೊದಲ ಚಿತ್ರ ಗೂಡಿನದು, ಮೊದಲ ಪುಸ್ತಕವೂ ಗೂಡಿನದೇ. ಇದು ಕಾಕತಾಳೀಯ ಅಲ್ಲ. ಆಗ ಫಿಲ್ಮ್ ಬದಲು ಗಾಜಿನ ಪ್ಲೇಟು. ಒಂದು ಚಿತ್ರಕ್ಕೆ ಒಂದು ಪ್ಲೇಟು. ಅದಕ್ಕೆ ಬೆಳಕು ಸಾಲದೆ ಹಾರುವ ಹಕ್ಕಿಯನ್ನು ತೆಗೆದರೆ ಬರೀ ಮಸುಕು ಗೆರೆ ಬರುತ್ತಿತ್ತು. ದೂರದ್ದನ್ನು ಹತ್ತಿರ ತರುವಂಥ, ಹೊತ್ತು ತಿರುಗಬಹುದಾದ ಲೆನ್ಸು ಇರಲಿಲ್ಲ. ಹಾಗಾಗಿ ಫೋಟೋ ಬೇಕಂದ್ರೆ ಕ್ಯಾಮೆರಾ ಹಕ್ಕಿಯಿಂದ ಕೆಲವೇ ಅಡಿ ದೂರದಲ್ಲಿರಬೇಕು, ಫೋಕಸ್ ಮೊದಲೇ ಮಾಡಿಟ್ಟಿರಬೇಕು, ಹಕ್ಕಿ ಸರಿಯಾಗಿ ಆ ಜಾಗಕ್ಕೇ ಬರಬೇಕು. ಹಕ್ಕಿ ಖಾತ್ರಿಯಾಗಿ ಮತ್ತೆ ಮತ್ತೆ ಬರೋ ಜಾಗ ಯಾವುದು? ಗೂಡು. ಬೇಟೆಗಾರನಿಗೆ ನೀರಿನ ಹೊಂಡ ಇದ್ದಹಾಗೆ ಛಾಯಾಗ್ರಾಹಕನಿಗೆ ಗೂಡು. ಮುಂದಿನ ಹಲವು ದಶಕ ಹಕ್ಕಿ ಛಾಯಾಗ್ರಹಣ ಅಂದ್ರೆ ಹೆಚ್ಚುಕಮ್ಮಿ ಗೂಡಿನ ಛಾಯಾಗ್ರಹಣವೇ ಆಗಿತ್ತು.

ಗೂಡಿನ ಹತ್ತಿರ ಮನುಷ್ಯ ಇದ್ದರೆ ಹಕ್ಕಿ ಬರೋದಿಲ್ಲ. ಅದಕ್ಕೆ ಕೀರ್ಟನ್ ಸೋದರರು ಕಂಡುಕೊಂಡ ಉಪಾಯಗಳು ಈಗ ಓದಿದರೆ ನಗು ಬರುತ್ತೆ. 1900ರಲ್ಲಿ ಒಂದು ಎತ್ತಿನ ಚರ್ಮ ತರಿಸಿ, ಒಳಗೆ ಚೌಕಟ್ಟು ಕೂರಿಸಿ, ಪೊಳ್ಳು ಎತ್ತನ್ನೇ ಮಾಡಿಸಿದರು. ಫೋಟೋಗ್ರಾಫರ್ ಅದರ ಹೊಟ್ಟೆಯೊಳಗೆ ಬಗ್ಗಿ ನಿಲ್ಲಬೇಕು, ಎತ್ತಿನ ಮೈಯಲ್ಲಿನ ತೂತಿನಿಂದ ಲೆನ್ಸು ಹೊರಗೆ ನೋಡಬೇಕು. ಒಮ್ಮೆ ಒಳಗಿದ್ದವರಿಗೆ ತಲೆ ಸುತ್ತಿ ಎತ್ತಿನ ಸಮೇತ ಕಾಲು ಮೇಲಾಗಿ ಬಿದ್ದಿದ್ದರಂತೆ.

ಎತ್ತಿನ ಜಾಗಕ್ಕೆ ಕ್ರಮೇಣ ಬಟ್ಟೆಯ ಗುಡಾರ ಬಂತು. ಅದನ್ನೇ ನಾವೀಗ 'ಹೈಡ್' ಅನ್ನೋದು. ಇದಕ್ಕೊಂದು ಶಿಸ್ತು ಬೆಳೆಯಿತು. ಗುಡಾರವನ್ನು ಮೊದಲ ದಿನವೇ ಗೂಡಿನ ಪಕ್ಕ ಹೂಡುವಂತಿಲ್ಲ. ದೂರದಲ್ಲಿಟ್ಟು ದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ಸರಿಸಬೇಕು. ಹಕ್ಕಿ ಒಪ್ಪಿ ಗೂಡಿಗೆ ವಾಪಸ್ ಬಂದರೆ ಮಾತ್ರ ಮುಂದಿನ ಹೆಜ್ಜೆ. ಒಳಗೆ ಹೋಗುವಾಗ ಇಬ್ಬರು ಹೋಗಿ, ಒಬ್ಬ ವಾಪಸ್ ಬರಬೇಕು. ಹಕ್ಕಿಗೆ ಲೆಕ್ಕ ಬರೋಲ್ಲ, ಹೋದವರು ಹೊರಟುಹೋದರು ಅಂದುಕೊಳ್ಳುತ್ತೆ. ಅಡ್ಡ ಬರುವ ರೆಂಬೆಯನ್ನು ಕಡಿಯುವಂತಿಲ್ಲ. ದಾರದಲ್ಲಿ ಪಕ್ಕಕ್ಕೆ ಕಟ್ಟಿ, ಕೆಲಸ ಮುಗಿದ ಕೂಡಲೇ ಬಿಚ್ಚಿ ಮೊದಲಿನಂತೆಯೇ ಬಿಡಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ರೋಲ್‌ಬ್ಯಾಕ್ ಇಲ್ಲದೆ ರಿಲೀಸ್ ಇಲ್ಲ.

ಹೀಗೆ ಮಾಡಿದರೂ ಗೂಡಿನ ಹತ್ತಿರದ ಕೆಲಸ ಅಪಾಯದ್ದೇ. ಬ್ರಿಟನ್ನಿನ ಪ್ರಸಿದ್ಧ ಹಕ್ಕಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ವೇಲ್ಸ್‌ನಲ್ಲಿ ಕಂದುಗೂಬೆಯ ಗೂಡಿನ ಬಳಿ ರಾತ್ರಿ ಹೈಡ್ ಹತ್ತುತ್ತಿದ್ದಾಗ ಗೂಬೆ ಎರಗಿ ಉಗುರು ಇಳಿಸಿತು. ಆತನ ಎಡಗಣ್ಣು ಹೋಯಿತು. ಆದರೂ ಅವನು ಕ್ಯಾಮೆರಾ ಬಿಡಲಿಲ್ಲ. 1970ರಲ್ಲಿ ಬಂದ ಅವನ ಆತ್ಮಕತೆಯ ಹೆಸರು 'ಆನ್ ಐ ಫಾರ್ ಎ ಬರ್ಡ್', ಅಂದ್ರೆ ಹಕ್ಕಿಗಾಗಿ ಒಂದು ಕಣ್ಣು.

ಭಾರತಕ್ಕೂ ಈ ಹವ್ಯಾಸ ಗೂಡಿನ ದಾರಿಯಲ್ಲೇ ಬಂತು. ಬ್ರಿಟಿಷ್ ಸೇನಾಧಿಕಾರಿ ಆರ್.ಎಸ್.ಪಿ. ಬೇಟ್ಸ್ 1931ರಲ್ಲಿ 'ಬರ್ಡ್ ಲೈಫ್ ಇನ್ ಇಂಡಿಯಾ' ತಂದ. ಇ.ಎಚ್.ಎನ್. ಲೋಥರ್ 1949ರಲ್ಲಿ 'ಎ ಬರ್ಡ್ ಫೋಟೋಗ್ರಾಫರ್ ಇನ್ ಇಂಡಿಯಾ' ತಂದ. 1952ರಲ್ಲಿ ಇಬ್ಬರೂ ಸೇರಿ ಮಾಡಿದ ಪುಸ್ತಕದ ವಿಷಯ ಕಾಶ್ಮೀರದಲ್ಲಿ ಮರಿ ಮಾಡುವ ಹಕ್ಕಿಗಳು. ಸಿಂಗಪುರದ ಸಿನಿಮಾ ಉದ್ಯಮಿ ಲೋಕ್ ವಾನ್ ಥೋ ಇಲ್ಲಿಗೆ ಬಂದು ಸಲೀಂ ಅಲಿಯವರ ಜೊತೆ ಊರೂರು ತಿರುಗಿ ಫೋಟೋ ತೆಗೆದರು. ಒಬ್ಬ ಸೈನಿಕ, ಒಬ್ಬ ಸಿನಿಮಾ ಮಾಲೀಕ. ಹೊಟ್ಟೆಪಾಡು ಬೇರೆ, ಹಕ್ಕಿ ಬೇರೆ.

ಅದೇ ಕಾಲದಲ್ಲಿ ಹಕ್ಕಿಯ ಅಧ್ಯಯನ ಅಂದ್ರೆ ಬಂದೂಕು ಅನ್ನೋದೂ ಮರೆಯಬಾರದು. ಸಲೀಂ ಅಲಿಯವರು ಹಕ್ಕಿ ಲೋಕಕ್ಕೆ ಬಂದದ್ದೇ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಒಂದು ಗುಬ್ಬಿಯಿಂದ. 1940ರ ಸುಮಾರಿಗೆ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗಲೂ ಹೊಡೆದ ಹಕ್ಕಿಗಳ ಚರ್ಮ ಸಂಗ್ರಹಿಸುವುದು ಕೆಲಸದ ಭಾಗ. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳನ್ನು ಕಂಡು ರಕ್ಷಣೆ ಕೊಡಿ ಅಂತ ಹೇಳಿದ್ದೂ ಅವರೇ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಕೊಲ್ಲದೆಯೂ ಹಕ್ಕಿಯನ್ನು ಮನೆಗೆ ತರಬಹುದು ಅಂತ ತೋರಿಸಿದ್ದು ಕ್ಯಾಮೆರಾ. ಈ ಹವ್ಯಾಸದ ದೊಡ್ಡ ಪುಣ್ಯ ಇದೇ.

ಕರ್ನಾಟಕದಲ್ಲಿ ಆ ಪುಣ್ಯ ಕಟ್ಟಿಕೊಂಡವರ ಸಾಲು ದೊಡ್ಡದು. ಬೆಂಗಳೂರಿನಲ್ಲಿ ಓ.ಸಿ. ಎಡ್ವರ್ಡ್ಸ್ ಎಂಬ ಹಿರಿಯರಿದ್ದರು. ಅವರ ಬಳಿ ಕಲಿತ ಟಿ.ಎನ್.ಎ. ಪೆರುಮಾಳ್ ದೇಶವಿದೇಶದಲ್ಲಿ ಹೆಸರು ಮಾಡಿದರು. ಇ. ಹನುಮಂತರಾವ್ ಅದೇ ತಲೆಮಾರಿನವರು. ಸಂಡೂರಿನ ಎಂ.ವೈ. ಘೋರ್ಪಡೆಯವರು ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು, ಕಪ್ಪು ಬಿಳುಪಿನಲ್ಲಿ ವನ್ಯಜೀವಿಗಳನ್ನು ತೆಗೆಯೋದರಲ್ಲಿ ಎತ್ತಿದ ಕೈ. 1971ರಲ್ಲಿ ಬೆಂಗಳೂರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಎಷ್ಟೋ ಹವ್ಯಾಸಿಗಳಿಗೆ ಪಾಠಶಾಲೆಯಾಯಿತು. ಇನ್ನು ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು, ಕತೆ ಕಾದಂಬರಿ ಬರೆಯುತ್ತಾ, ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದ ತೇಜಸ್ವಿಯವರ ಬಗ್ಗೆ ನಾನು ಹೇಳಬೇಕಾಗಿಲ್ಲ. ನನ್ನಂಥ ಹಳ್ಳಿ ಹುಡುಗರು ಹಕ್ಕಿಗಳಿಗೆ ಕನ್ನಡದಲ್ಲಿ ಹೆಸರು ಕಲಿತದ್ದೇ ಅವರ ಪುಸ್ತಕಗಳಿಂದ.

ಇವರದ್ದೆಲ್ಲ ಫಿಲ್ಮ್ ಕಾಲ. ಒಂದು ರೋಲಿಗೆ 36 ಚಿತ್ರ, ಆಮೇಲೆ ತೊಳೆಸಿ ಬರುವವರೆಗೆ ಏನು ಬಂದಿದೆ ಅಂತ ಗೊತ್ತಿಲ್ಲ. ಒಂದು ಕ್ಲಿಕ್ಕಿಗೂ ದುಡ್ಡು. ಹಾಗಾಗಿ ಕಾಯೋದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ.

ಆಮೇಲೆ ಎಲ್ಲ ಬದಲಾಯ್ತು. 1985ರಲ್ಲಿ ಮಿನೋಲ್ಟಾ ಕಂಪನಿಯ ಆಟೋಫೋಕಸ್ ಎಸ್ಎಲ್ಆರ್ ಬಂತು. 2003ರಲ್ಲಿ ಕ್ಯಾನನ್ 300ಡಿ ಸಾವಿರ ಡಾಲರಿನೊಳಗೆ ಸಿಕ್ಕಿ, ಡಿಜಿಟಲ್ ಎಸ್ಎಲ್ಆರ್ ಸಂಬಳದಾರರ ಕೈಗೂ ಬಂತು. ಕೈ ನಡುಗಿದರೂ ಚಿತ್ರ ನಡುಗದ ಉದ್ದ ಲೆನ್ಸುಗಳು ಬಂದವು. ಇವತ್ತು ಹದ್ದು ಆಕಾಶದಲ್ಲಿ ತಿರುಗಿದರೂ ಕ್ಯಾಮೆರಾ ತಾನೇ ಅದರ ಕಣ್ಣು ಹುಡುಕಿ ಫೋಕಸ್ ಹಿಡಿಯುತ್ತೆ. ಅಂದ್ರೆ ಯಾವ ಕಾರಣಕ್ಕೆ ಕೀರ್ಟನ್ ಸೋದರರು ಗೂಡಿನ ಹತ್ತಿರ ಹೋಗಲೇಬೇಕಾಗಿತ್ತೋ, ಆ ಕಾರಣ ಒಂದೂ ಈಗ ಉಳಿದಿಲ್ಲ. ಅವರ ಅಭ್ಯಾಸ ಮಾತ್ರ ಉಳಿದಿದೆ, ಅದೂ ಅವರ ಶಿಸ್ತು ಬಿಟ್ಟು. ಗೂಡು ಸಿಕ್ಕ ಸುದ್ದಿ ವಾಟ್ಸಾಪಿನಲ್ಲಿ ಬೆಳಗ್ಗೆ ಬಂದರೆ ಮಧ್ಯಾಹ್ನಕ್ಕೆ ಅಲ್ಲಿ ಹತ್ತು ಟ್ರೈಪಾಡು.

ಯಾರನ್ನೋ ಬೈಯೋಕೆ ಈ ಮಾತು ಹೇಳ್ತಿಲ್ಲ. ಮೊದಲ ಕ್ಯಾಮೆರಾ ಕೊಂಡ ವರ್ಷ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಹಿತ್ತಿಲ ನಿಂಬೆ ಗಿಡದಲ್ಲಿ ಪಿಕಳಾರದ ಗೂಡು, ಒಳಗೆ ಎರಡು ಮರಿ, ಕಣ್ಣು ಈಗಷ್ಟೇ ಬಿಟ್ಟಿದ್ದವು. ಬೆಳಕು ಸಾಲದು ಅಂತ ಎರಡು ರೆಂಬೆ ಬಗ್ಗಿಸಿ ಹುರಿಯಿಂದ ಬೇಲಿಗೆ ಕಟ್ಟಿದೆ. ಹಕ್ಕಿ ಸುಮಾರು ಹೊತ್ತು ದೂರದಲ್ಲೇ ಕೂತು ಕೂಗಿತು, ಆಮೇಲೆ ಬಂತು, ಬಾಯಿಗೆ ಹುಳ ಇಟ್ಟಿತು. ಒಳ್ಳೆ ಫೋಟೋ ಸಿಕ್ಕಿತು. ಖುಷಿಯಲ್ಲಿ ಹುರಿ ಬಿಚ್ಚೋದೇ ಮರೆತು ಊಟಕ್ಕೆ ಹೋದೆ. ಸಾಯಂಕಾಲ ನೋಡಿದರೆ ಗೂಡು ಖಾಲಿ. ಕೆಂಬೂತ ಬಂದಿತ್ತು ಅಂದ್ರು ಅವ್ವ. ನಾನು ಸುಮ್ಮನೆ ನಿಂತಿದ್ದೆ. ಅವ್ವ ಹುರಿ ಬಿಚ್ಚುತ್ತಾ, "ಅದು ಬಾಗ್ಲು ಹಾಕ್ಕಂಡು ಕೂತಿತ್ತು. ನೀನು ಬಾಗ್ಲು ತೆಗ್ದಿಟ್ಟು ಬಂದ್ಯಲ್ಲ ಮಗ" ಅಂದ್ರು. ಅಷ್ಟೇ ಅಂದದ್ದು. ಆ ಫೋಟೋಗೆ ಆ ವರ್ಷ ನನ್ನ ಎಲ್ಲ ಫೋಟೋಗಿಂತ ಹೆಚ್ಚು ಲೈಕು ಬಂತು.

ಎಲೆ ಅನ್ನೋದು ಗೂಡಿಗೆ ಬಾಗಿಲೂ ಹೌದು, ಚಾವಣಿಯೂ ಹೌದು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ನೆರಳು ತಪ್ಪಿದರೆ, ಪುಕ್ಕ ಬಾರದ ಮರಿ ಬಹಳ ಹೊತ್ತು ತಡೆಯೋಲ್ಲ. ತಾಯಿ ಹೆದರಿ ದೂರ ಕೂತರೆ ಮರಿಗೆ ಕಾವೂ ಇಲ್ಲ, ನೆರಳೂ ಇಲ್ಲ. ಹೈಡ್ ಕಾಲದವರ ನಿಯಮಗಳೆಲ್ಲ ಹೀಗೆ ಮರಿ ಕಳಕೊಂಡು ಕಲಿತದ್ದೇ ಇರಬೇಕು ಅನ್ಸುತ್ತೆ.

ಬ್ರಿಟನ್ನಿನಲ್ಲಿ 1981ರ ಕಾಯ್ದೆಯ ಪ್ರಕಾರ ಅಪರೂಪದ ಹಕ್ಕಿಗಳ ಗೂಡಿನ ಬಳಿ ತೊಂದರೆಯಾಗುವಂತೆ ಫೋಟೋ ತೆಗೆಯಬೇಕಂದ್ರೆ ಲೈಸೆನ್ಸ್ ಬೇಕು. ನಮ್ಮಲ್ಲಿ ಕಾನೂನು ಇಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನೋ ಪದಕ್ಕೆ ಅರ್ಥ ಕೊಟ್ಟಿರುವ ಕಡೆ ಓದಿ ನೋಡಿ. ಕೊಲ್ಲೋದು, ಹಿಡಿಯೋದು, ಬಲೆ ಹಾಕೋದು ಇವುಗಳ ಜೊತೆಗೆ ಕಾಡುಹಕ್ಕಿಗಳ ಮೊಟ್ಟೆಗೋ ಗೂಡಿಗೋ ತೊಂದರೆ ಕೊಡೋದನ್ನೂ ಬೇಟೆ ಅಂತಲೇ ಅದು ಹೇಳುತ್ತೆ. ಬಂದೂಕಿನ ಬದಲು ಕ್ಯಾಮೆರಾ ಹಿಡಿದೆವು ಅಂತ ನಾವು ಹೆಮ್ಮೆ ಪಡೋದು ಸರಿಯೇ. ಗೂಡಿನ ಮುಂದೆ ರೆಂಬೆ ಬಗ್ಗಿಸಿದ ದಿನ ಕಾನೂನಿನ ಕಣ್ಣಲ್ಲಿ ಆ ವ್ಯತ್ಯಾಸ ಅಳಿಸಿಹೋಗುತ್ತೆ.

ಮದ್ದೂರಿನ ಹತ್ತಿರ ಕೊಕ್ಕರೆ ಬೆಳ್ಳೂರಿದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಹೊರಗಿನವರ ಗಮನಕ್ಕೆ ತಂದರು. ಅಲ್ಲಿ ಹೈಡ್ ಬೇಕಿಲ್ಲ, ರಸ್ತೆಯಲ್ಲೇ ನಿಂತು ಫೋಟೋ ತೆಗೆಯಬಹುದು. ಹಕ್ಕಿ ಗೂಡಲ್ಲಿರುವಾಗ ಹುಣಸೆ ಮರ ಬಡಿಯಬಾರದು ಅಂತ ಬಿಟ್ಟ ಜನರಿಂದ ಬಂದ ಧೈರ್ಯ ಅದು. ನಮಗೆ ಸಿಗುವ ಫೋಟೋ ಅವರು ಬಿಟ್ಟುಕೊಟ್ಟ ಹುಣಸೆಹಣ್ಣಿನ ಲೆಕ್ಕದಲ್ಲಿದೆ.

ನಾನು ಗೂಡಿನ ಫೋಟೋ ತೆಗೆಯೋದು ಬಿಟ್ಟು ಆರು ವರ್ಷವಾಯ್ತು. ನಿಂಬೆ ಗಿಡಕ್ಕೆ ಈ ವರ್ಷವೂ ಪಿಕಳಾರ ಬಂದಿದೆ. ನಾನು ಫೋನಿನಲ್ಲಿ ಕೇಳ್ತೀನಿ, "ಮರಿ ಹಾರಿದ್ವಾ?" ಅಂತ. "ಇನ್ನೂ ಇಲ್ಲ ಕಣೋ, ನಾನು ಆ ಕಡೆ ಬಟ್ಟೆ ಒಣಗಾಕೋದೂ ಬಿಟ್ಟಿದೀನಿ" ಅಂತಾರೆ ಅವ್ವ.